ಎನ್95 ಬೇಕಾ, ಸರ್ಜಿಕಲ್ ಮಾಸ್ಕ್ ಸಾಕಾ? ಮುಗಿಯದ ವಾದದ ಹಿನ್ನೆಲೆ

ಆಸ್ಪತ್ರೆ ಸಿಬ್ಬಂದಿಗೆ ಯಾವ ಮಾಸ್ಕ್ ಕೊಡಬೇಕು ಎಂಬ ವಾದ ಇನ್ನೂ ಮುಗಿದಿಲ್ಲ. ಆಸ್ಪತ್ರೆಗೆ ಮಾಸ್ಕ್ ಮೊದಲು ಬಂದಿದ್ದು ರೋಗಿಯನ್ನು ಕಾಪಾಡಲು. ಆಪರೇಷನ್ ಮಾಡುವವರ ಎಂಜಲಿನ ಹನಿ ಗಾಯಕ್ಕೆ ಬೀಳಬಾರದು ಎಂದು 1897ರಲ್ಲಿ ಯುರೋಪಿನ ಸರ್ಜನ್‌ಗಳು ಬಾಯಿಗೆ ತೆಳು ಬಟ್ಟೆ ಕಟ್ಟತೊಡಗಿದರು. ಸರ್ಜಿಕಲ್ ಮಾಸ್ಕ್‌ನ ಮೂಲ ಇದು. 1910-11ರಲ್ಲಿ ಚೀನಾದ ಮಂಚೂರಿಯಾದಲ್ಲಿ ಪ್ಲೇಗ್ ಬಂದಾಗ ಡಾ. ವು ಲಿಯೆನ್-ತೆ ಅದನ್ನೇ ದಪ್ಪವಾಗಿಸಿ ಸಿಬ್ಬಂದಿಗೂ ಹಾಕಿಸಿದರು. ಎನ್95 ಬಂದ ದಾರಿಯೇ ಬೇರೆ. ಅದರ ಮೂಲ ಗಣಿ, ಕಾರ್ಖಾನೆಗಳ ದೂಳು ತಡೆಯುವ ಮಾಸ್ಕ್.

2003ರಲ್ಲಿ ಹರಡಿದ ಸಾರ್ಸ್ ಎಂಬ ಉಸಿರಾಟದ ಸೋಂಕು ಈ ಎರಡೂ ಮಾಸ್ಕ್‌ಗಳನ್ನು ಎದುರುಬದುರು ತಂದು ನಿಲ್ಲಿಸಿತು. ಕೆನಡಾದ ಒಂಟಾರಿಯೊದಲ್ಲಿ ಇಬ್ಬರು ನರ್ಸ್‌ಗಳು, ಒಬ್ಬ ವೈದ್ಯರು ಅದರಿಂದ ತೀರಿಕೊಂಡರು. ನಂತರ ಅಲ್ಲಿನ ತನಿಖಾ ಆಯೋಗ ಹೇಳಿದ್ದಿಷ್ಟು: ವಿಜ್ಞಾನ ಖಚಿತವಾಗಿ ಹೇಳುವ ತನಕ ಕಾಯಬೇಡಿ, ಮೊದಲು ಸಿಬ್ಬಂದಿಯನ್ನು ಕಾಪಾಡಿ.

ಅದೇ ಒಂಟಾರಿಯೊದಲ್ಲಿ 446 ನರ್ಸ್‌ಗಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸರ್ಜಿಕಲ್ ಮಾಸ್ಕ್ ಹಾಕಿದವರಲ್ಲಿ ಶೇ 23.6, ಎನ್95 ಹಾಕಿದವರಲ್ಲಿ ಶೇ 22.9 ಜನರಿಗೆ ಫ್ಲೂ ತಗುಲಿತ್ತು. ‘ಎರಡೂ ಒಂದೇ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಅವರು ಮಾಸ್ಕ್ ಹಾಕಿದ್ದು ಜ್ವರ, ಕೆಮ್ಮು ಇದ್ದ ರೋಗಿಯ ಆರೈಕೆಯ ಹೊತ್ತಿನಲ್ಲಿ. ಫ್ಲೂ ಮನೆಯಲ್ಲೂ ಅಂಟುತ್ತದೆ, ಊಟದ ಕೋಣೆಯಲ್ಲೂ ಅಂಟುತ್ತದೆ, ಅಲ್ವಾ?

2013ರ ಬೀಜಿಂಗ್ ಅಧ್ಯಯನ ಈ ಅಂಶವನ್ನೇ ಕೆದಕಿತು. 1,669 ಸಿಬ್ಬಂದಿಯಲ್ಲಿ ಕೆಲವರು ಪಾಳಿ ಪೂರ್ತಿ ಎನ್95 ಹಾಕಿದರು, ಕೆಲವರು ಅಪಾಯದ ಕೆಲಸಕ್ಕಷ್ಟೇ ಹಾಕಿದರು. ಉಸಿರಾಟದ ಕಾಯಿಲೆಯ ಲಕ್ಷಣ ಕಂಡಿದ್ದು ಮೊದಲ ಗುಂಪಿನ ಶೇ 7.2, ಎರಡನೆಯದರ ಶೇ 11.8 ಜನರಲ್ಲಿ. ಸರ್ಜಿಕಲ್ ಮಾಸ್ಕ್ ಗುಂಪಿನಲ್ಲಿ ಶೇ 17. ಆದರೆ ಲ್ಯಾಬಿನಲ್ಲಿ ದೃಢಪಟ್ಟ ಫ್ಲೂ ಲೆಕ್ಕದಲ್ಲಿ ಇಷ್ಟು ಸ್ಪಷ್ಟ ಅಂತರ ಕಾಣಲಿಲ್ಲ. 2019ರ ಅಮೆರಿಕದ ದೊಡ್ಡ ಅಧ್ಯಯನದಲ್ಲೂ ಕಾಣಲಿಲ್ಲ. ಹಾಗಾಗಿ ವಾದ ಉಳಿಯಿತು.

2020ರಲ್ಲಿ ಎನ್95 ಸಿಗದಾಯಿತು. ಸಲಹೆಗಳೂ ಸಡಿಲವಾದವು. ಬೇರೇನೂ ಇಲ್ಲದಿದ್ದರೆ ಕೊನೆಗೆ ಸ್ಕಾರ್ಫ್ ಆದರೂ ಕಟ್ಟಿಕೊಳ್ಳಿ ಎಂದಿತು ಅಮೆರಿಕದ ಮಾರ್ಗಸೂಚಿ. ಆದರೆ ಬಟ್ಟೆ ಮಾಸ್ಕ್ ಹಾಕಿದ ಸಿಬ್ಬಂದಿಗೆ ಸೋಂಕು ಜಾಸ್ತಿ ಎಂದು ವಿಯೆಟ್ನಾಂನ ಹನೋಯ್‌ನ ಅಧ್ಯಯನ 2015ರಲ್ಲೇ ತೋರಿಸಿತ್ತು.

ಕೋವಿಡ್ ಕುರಿತ ಮುಖ್ಯ ಅಧ್ಯಯನ ಬಂದಿದ್ದು 2022ರಲ್ಲಿ: ಕೆನಡಾ, ಇಸ್ರೇಲ್, ಪಾಕಿಸ್ತಾನ, ಈಜಿಪ್ಟಿನ 1,009 ಸಿಬ್ಬಂದಿ. ಸೋಂಕು ಸರ್ಜಿಕಲ್ ಮಾಸ್ಕ್‌ನಲ್ಲಿ ಶೇ 10.46, ಎನ್95ರಲ್ಲಿ ಶೇ 9.27. ಇದನ್ನೂ ‘ವ್ಯತ್ಯಾಸವಿಲ್ಲ’ ಎಂದೇ ಹಲವರು ಓದಿದರು. ಸರ್ಜಿಕಲ್ ಮಾಸ್ಕ್‌ನಿಂದ ಅಪಾಯ ಎರಡು ಪಟ್ಟು ಆಗುವುದಿಲ್ಲ ಎಂಬುದಷ್ಟೇ ಅಲ್ಲಿ ಸಾಬೀತಾಗಿದ್ದು. ಎನ್95ಗೆ ಹೋಲಿಸಿದರೆ ಅದರಲ್ಲಿ ಅಪಾಯ ಶೇ 23 ಕಡಿಮೆ ಇರಬಹುದು, ಶೇ 69 ಜಾಸ್ತಿಯೂ ಇರಬಹುದು. ದಿನವಿಡೀ ಕೆಮ್ಮುವ ರೋಗಿಯ ಪಕ್ಕದಲ್ಲಿ ನಿಲ್ಲುವ ನರ್ಸ್‌ಗೆ ಇದು ತೀರಾ ಸಡಿಲ ಅಳತೆ.

ಎನ್95ರ ಪದರ ಅತಿ ಸಣ್ಣ ಕಣಗಳಲ್ಲೂ ಶೇ 95ರಷ್ಟನ್ನು ಹಿಡಿಯುತ್ತದೆ. ಆದರೆ ಮುಖಕ್ಕೆ ಸರಿಯಾಗಿ ಕೂರಬೇಕು. ಗಡ್ಡವಿದ್ದರೆ, ಅಳತೆ ತಪ್ಪಿದರೆ ಗಾಳಿ ಕೆನ್ನೆಯ ಸಂದಿಯಿಂದ ಒಳಗೆ ಹೋಗುತ್ತದೆ. ಅದಕ್ಕೇ ಫಿಟ್ ಟೆಸ್ಟ್, ಅಂದರೆ ಮಾಸ್ಕ್ ಮುಖಕ್ಕೆ ಸಂದಿಯಿಲ್ಲದೆ ಕೂರುತ್ತದೆಯೇ ಎಂಬ ಪರೀಕ್ಷೆ ಬೇಕು. ಸುಮ್ನೆ ಡಬ್ಬಿ ತರಿಸಿ ವಾರ್ಡಿನಲ್ಲಿಟ್ಟರೆ ಸಾಲದು.

ಸೋಂಕು ಹರಡುವ ಬಗೆಯನ್ನು ದೊಡ್ಡ ಹನಿ, ತೇಲುವ ಸಣ್ಣ ಕಣ ಎಂದು ಗಾತ್ರ ನೋಡಿ ಗೆರೆ ಎಳೆಯುವ ಹಳೆಯ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಯಾವ ಕೆಲಸಕ್ಕೆ ಯಾವ ಮಾಸ್ಕ್ ಎಂಬುದನ್ನು ಮಾತ್ರ ಆ ಬದಲಾವಣೆ ತೀರ್ಮಾನಿಸಲಿಲ್ಲ.