ಕಚ್ಚಾ ತೈಲ ಅಗ್ಗವಾದಾಗಲೂ ಪೆಟ್ರೋಲ್ ಏಕೆ ಅಗ್ಗವಾಗಲಿಲ್ಲ?

ಬಂಕಿನ ಯಂತ್ರ ತೋರಿಸುವುದು ಒಂದೇ ದರ. ತೈಲದ ಬೆಲೆ, ಡೀಲರ್ ಕಮಿಷನ್, ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ ಎಲ್ಲವೂ ಅದರೊಳಗೇ ಕಲೆತಿರುತ್ತವೆ. ಬೆಲೆ ಏರಿದಾಗ ಕೇಂದ್ರ ರಾಜ್ಯದತ್ತ, ರಾಜ್ಯ ಕೇಂದ್ರದತ್ತ ಬೆರಳು ತೋರಿಸಲು ಇದರಿಂದ ಅನುಕೂಲವೇ ಆಗಿದೆ.

ದಶಕಗಳ ಕಾಲ ಸರ್ಕಾರವೇ ಬೆಲೆ ಗೊತ್ತುಮಾಡುತ್ತಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಮಾರುಕಟ್ಟೆಯ ದರಕ್ಕೆ ಬಂದವು. ಕಚ್ಚಾ ತೈಲ ಏರಿದರೆ ಏರಬೇಕು, ಇಳಿದರೆ ಇಳಿಯಬೇಕು, ಲೆಕ್ಕ ಸರಳವಾಗಿತ್ತು.

ಇಳಿಯುವ ಕಾಲವೂ ಬೇಗನೇ ಬಂತು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ ನೂರು ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ ಮೂವತ್ತರ ಆಸುಪಾಸಿಗೆ ಕುಸಿಯಿತು. ಅಷ್ಟರೊಳಗೆ ಅಬಕಾರಿ ಸುಂಕ ಒಂಬತ್ತು ಬಾರಿ ಏರಿತ್ತು. ಲೀಟರ್ ಪೆಟ್ರೋಲ್‌ಗೆ 9.48 ರೂಪಾಯಿ ಇದ್ದದ್ದು 2017ರ ಹೊತ್ತಿಗೆ 21.48 ರೂಪಾಯಿ. ಡೀಸೆಲ್‌ನದು ಇನ್ನೂ ಜೋರು: 3.56ರಿಂದ 17.33ಕ್ಕೆ. 2020ರಲ್ಲಿ ಕಚ್ಚಾ ತೈಲ ಇಪ್ಪತ್ತು ಡಾಲರ್‌ವರೆಗೆ ಕುಸಿಯುತ್ತಾ ಹೋದಾಗ ಪೆಟ್ರೋಲ್ ಸುಂಕಕ್ಕೆ ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಒಂದೇ ಏಟಿಗೆ 10 ರೂಪಾಯಿ ಸೇರಿತು. ಮೇ ಏರಿಕೆಯಿಂದ ಬಂಕಿನ ದರ ಕದಲಲಿಲ್ಲ. ಗ್ರಾಹಕನಿಗೆ ಆಗಬೇಕಿದ್ದ ಉಳಿತಾಯ ಅವನ ಕಣ್ಣಿಗೆ ಬೀಳುವ ಮೊದಲೇ ಖಜಾನೆ ಸೇರಿತು. ಮರುವರ್ಷ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದಾಗ ಸುಂಕ ಹೆಚ್ಚುಕಡಿಮೆ ಅಲ್ಲೇ, 32.90 ರೂಪಾಯಿಯಲ್ಲೇ ಇತ್ತು. 2021ರ ನವೆಂಬರ್, 2022ರ ಮೇ ತಿಂಗಳ ಕಡಿತಗಳ ನಂತರ 19.90ಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಇಳಿಯುತ್ತಿದ್ದಂತೆ ಮತ್ತೆ 2 ರೂಪಾಯಿ ಏರಿತು, ಬಂಕಿನ ದರ ಆಗಲೂ ಹಾಗೇ ಇತ್ತು.

ಆ 19.90 ರೂಪಾಯಿಯಲ್ಲಿ ಮೂಲ ಅಬಕಾರಿ ಸುಂಕ ಬರೀ 1.40. ರಾಜ್ಯಗಳಿಗೆ ಪಾಲು ಸಿಗುವುದು ಅದರಲ್ಲಿ ಮಾತ್ರ. ಉಳಿದದ್ದು ರಸ್ತೆ ಸೆಸ್, ಕೃಷಿ ಸೆಸ್, ವಿಶೇಷ ಹೆಚ್ಚುವರಿ ಸುಂಕ, ಪೂರ್ತಿ ಕೇಂದ್ರಕ್ಕೆ. ರಾಜ್ಯಗಳು ತಮ್ಮ ಮಾರಾಟ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಅವುಗಳ ಕೈ ಚಿಕ್ಕದೇನಲ್ಲ. ಕರ್ನಾಟಕ 2021ರಲ್ಲಿ ಶೇ 25.92ಕ್ಕೆ ಇಳಿಸಿದ್ದ ಪೆಟ್ರೋಲ್ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 29.84ಕ್ಕೆ ಏರಿಸಿತು. ಅದನ್ನು ಕಟ್ಟುವುದು ಅಬಕಾರಿ ಸುಂಕ ಸೇರಿದ ಬೆಲೆಯ ಮೇಲೆ, ಅಂದರೆ ತೆರಿಗೆಗೂ ತೆರಿಗೆ.

ಪೆಟ್ರೋಲನ್ನು ಜಿಎಸ್‌ಟಿಗೆ ತರಲು ಸಂವಿಧಾನದಲ್ಲಿ ಅವಕಾಶವಿದೆ, ದಿನಾಂಕವನ್ನು ಕೇಂದ್ರ, ರಾಜ್ಯಗಳೆರಡೂ ಕೂರುವ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು. ಕೇರಳ ಹೈಕೋರ್ಟ್ ಸೂಚನೆಯ ಕಾರಣ 2021ರ ಸೆಪ್ಟೆಂಬರ್‌ನಲ್ಲಿ ಲಖನೌ ಸಭೆಯ ಮುಂದೆ ವಿಷಯ ಬಂತು. ಇದು ಅದಕ್ಕೆ ಸಮಯವಲ್ಲ ಎಂದು ಮಂಡಳಿ ತೀರ್ಮಾನಿಸಿತು. ಜಿಎಸ್‌ಟಿಯಿಂದ ರಾಜ್ಯಗಳಿಗಾದ ನಷ್ಟದ ಪರಿಹಾರಕ್ಕಾಗಿ ಕಿತ್ತಾಡಿದ್ದ ಕೇಂದ್ರ, ರಾಜ್ಯಗಳಿಗೆ ಈ ಒಂದು ವಿಷಯದಲ್ಲಿ ಒಮ್ಮತ ಕಷ್ಟವಾಗಲಿಲ್ಲ.