ಎಲ್ಲರೂ ಒಂದೇ ದಿನ ಹೊರಟರೆ ಟೋಕನ್ ಉಳಿದೀತೇ?

2022ರ ಮೇ ಆರಂಭದಲ್ಲಿ ಲೂನಾ ಎಂಬ ಕ್ರಿಪ್ಟೊ ಟೋಕನ್‌ಗಳ ಸಂಖ್ಯೆ ಸುಮಾರು 34 ಕೋಟಿ. ಅದೇ ತಿಂಗಳ 13ರ ಹೊತ್ತಿಗೆ ಸುಮಾರು 6.5 ಲಕ್ಷ ಕೋಟಿ. ಟೋಕನ್ ಹುಟ್ಟಿಸುವ ನಿಯಮ ಬರೆದಿಟ್ಟಂತೆಯೇ ಕೆಲಸ ಮಾಡಿತ್ತು. ಕೆಟ್ಟದ್ದು ಆ ನಿಯಮದ ಹಿಂದಿನ ಲೆಕ್ಕಾಚಾರ.

ಲೂನಾ ಇದ್ದ ಟೆರಾ ಎಂಬ ಕ್ರಿಪ್ಟೊ ಜಾಲದಲ್ಲೇ ಯುಎಸ್‌ಟಿ ಎಂಬ ಇನ್ನೊಂದು ಟೋಕನ್ ಇತ್ತು. ಸ್ಟೇಬಲ್‌ಕಾಯಿನ್ ಆದ ಅದು ಸದಾ ಒಂದು ಡಾಲರ್ ಬೆಲೆಯಲ್ಲಿ ನಿಲ್ಲಬೇಕಿತ್ತು. ಒಂದು ಯುಎಸ್‌ಟಿ ಸುಟ್ಟರೆ, ಅಂದರೆ ಚಲಾವಣೆಯಿಂದ ಶಾಶ್ವತವಾಗಿ ಅಳಿಸಿದರೆ, ಒಂದು ಡಾಲರ್ ಬೆಲೆಯ ಹೊಸ ಲೂನಾ ಸಿಗುತ್ತಿತ್ತು. ಅಷ್ಟು ಬೆಲೆಯ ಲೂನಾ ಸುಟ್ಟರೆ ಒಂದು ಯುಎಸ್‌ಟಿ. ಪೇಟೆಯಲ್ಲಿ ಯುಎಸ್‌ಟಿ 98 ಸೆಂಟಿಗಿಳಿದರೆ ವ್ಯಾಪಾರಿಗಳು ಅದನ್ನು ಕೊಂಡು, ಸುಟ್ಟು, ಬಂದ ಲೂನಾವನ್ನು ಮಾರಿ 2 ಸೆಂಟು ಗಳಿಸುತ್ತಿದ್ದರು; ಅವರು ಕೊಳ್ಳುವುದರಿಂದಲೇ ಬೆಲೆ ಮತ್ತೆ ಏರುತ್ತಿತ್ತು. ಜಾಣ ಏರ್ಪಾಡೇ. ಆದರೆ ಅವರು ಮಾರಿದ ಲೂನಾವನ್ನು ಕೊಳ್ಳುವವರು ಯಾರು?

ಕಾಗದದ ಮೇಲೇ ಲೆಕ್ಕ ಹಾಕಿ ನೋಡಬಹುದು. ಲೂನಾದಂಥ 100 ಟೋಕನ್‌ಗಳಿವೆ, ಬೆಲೆ ತಲಾ 10 ಡಾಲರ್, ಒಟ್ಟು ಮೌಲ್ಯ 1000 ಎನ್ನಿ. ಜನ ಸ್ಟೇಬಲ್‌ಕಾಯಿನ್ ಸುಟ್ಟು 500 ಡಾಲರ್ ಹಿಂಪಡೆದರು: 50 ಹೊಸ ಟೋಕನ್ ಹುಟ್ಟಿ 150 ಆದವು. ಹೆದರಿಕೆಯಿಂದ ಒಟ್ಟು ಮೌಲ್ಯ 500ಕ್ಕಿಳಿದರೆ ತಲಾ ಬೆಲೆ 3.33. ಮತ್ತೆ 500 ಕೊಡಲು 150 ಟೋಕನ್ ಬೇಕು, ಒಟ್ಟು 300. ಮೌಲ್ಯ 250ಕ್ಕೆ ಕುಸಿದರೆ ಮೂರನೆಯ 500ಕ್ಕೆ 600 ಟೋಕನ್ ಹುಟ್ಟಿಸಬೇಕು. ಮೂರೇ ಸುತ್ತಿನಲ್ಲಿ 100 ಇದ್ದದ್ದು 900.

ಹಾಗಾಗಿ ಟೋಕನ್ ವ್ಯವಸ್ಥೆಯನ್ನು ಪರೀಕ್ಷಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಆಪತ್ತಿಗೆಂದು ಇಟ್ಟ ಆಧಾರ ಆಪತ್ತಿನ ದಿನವೇ ಕರಗುತ್ತದೆಯೇ? ಯುಎಸ್‌ಟಿಯ ಬಹುಪಾಲು ಆಂಕರ್ ಎಂಬ ಒಂದೇ ಠೇವಣಿ ಸೇವೆಯಲ್ಲಿ, ಸುಮಾರು ಶೇ 19.5ರ ಬಡ್ಡಿಯ ಆಸೆಗೆ ಕೂತಿತ್ತು. ಅಂಥ ಹಣ ಹೊರಡುವುದೂ ಒಟ್ಟಿಗೇ.

ಪರೀಕ್ಷೆಗೆ, ಇಡೀ ವ್ಯವಸ್ಥೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಲು, ಪೈಥಾನ್ ಭಾಷೆಯಲ್ಲಿ ಬರೆದ ಕ್ಯಾಡ್‌ಕ್ಯಾಡ್‌ನಂಥ ಉಪಕರಣಗಳಿವೆ. ಚಲಾವಣೆಯ ಟೋಕನ್ ಸಂಖ್ಯೆ, ಬೆಲೆ, ಮೀಸಲು ನಿಧಿ ಇವನ್ನು ಚರಾಂಶಗಳಾಗಿ ಬರೆಯುತ್ತಾರೆ. ಹೂಡಿಕೆದಾರ, ವ್ಯಾಪಾರಿ, ಸಾಲಗಾರ ಎಂಬ ಪಾತ್ರಗಳಿಗೆ ವರ್ತನೆಯ ನಿಯಮ ಕೊಟ್ಟು, ಗಂಟೆ ಗಂಟೆಗೂ ಸ್ಥಿತಿಯನ್ನು ಮುಂದಕ್ಕೆ ನಡೆಸಿ, ಬಡ್ಡಿ, ಶುಲ್ಕ, ಹಿಂಪಡೆವ ಮಿತಿಗಳನ್ನು ಬದಲಿಸುತ್ತ ಸಾವಿರಾರು ಸಲ ಓಡಿಸುತ್ತಾರೆ. ಸರಾಸರಿ ಫಲಿತಾಂಶದಿಂದ ಹೆಚ್ಚೇನೂ ತಿಳಿಯದು. ಅತಿ ಕೆಟ್ಟ ಶೇಕಡಾ ಒಂದರಷ್ಟು ಓಟಗಳನ್ನು ಬಿಡಿಸಿ ನೋಡಬೇಕು.

ಈ ಪರೀಕ್ಷೆಗಳು ಹೆಚ್ಚಾಗಿ ಎಡವುವುದು ಎರಡು ಕಡೆ. ಪಾತ್ರಗಳು ಒಬ್ಬರನ್ನೊಬ್ಬರು ನೋಡಿ ಹೆದರುವುದೇ ಇಲ್ಲ ಎಂಬಂತೆ ಬರೆದರೆ ಓಟದಲ್ಲಿ ನೂಕುನುಗ್ಗಲು ಹುಟ್ಟದು, ಎಲ್ಲವೂ ಭದ್ರವಾಗಿ ಕಾಣುತ್ತದೆ. ಇನ್ನೊಂದು, ಒಟ್ಟು ಮಾರುಕಟ್ಟೆ ಮೌಲ್ಯವನ್ನೇ ಬಲವೆಂದು ನಂಬುವುದು. ಅದು ಕೊನೆಯ ವಹಿವಾಟಿನ ಬೆಲೆಯನ್ನು ಟೋಕನ್ ಸಂಖ್ಯೆಯಿಂದ ಗುಣಿಸಿದ ಅಂಕಿ ಮಾತ್ರ. ಅಷ್ಟು ದುಡ್ಡು ಎಲ್ಲೂ ಇಟ್ಟಿರುವುದಿಲ್ಲ. ಬೆಲೆ ಶೇ 2 ಇಳಿಯುವ ಮೊದಲು ಎಷ್ಟು ಮಾರಬಹುದು ಎಂಬುದನ್ನು ಅಳೆದು, ಭೀತಿಯ ದಿನ ಅದರ ಹತ್ತನೇ ಒಂದು ಭಾಗವಷ್ಟೇ ಉಳಿಯುತ್ತದೆಂದು ಹಿಡಿದು ಮತ್ತೆ ಓಡಿಸಿ ನೋಡುವುದು ಒಳ್ಳೆಯದು.

ದಟ್ಟಣೆಯಿಂದ ಜಾಲವೇ ಸಿಕ್ಕಿಕೊಳ್ಳುವುದನ್ನೂ ಮಾದರಿಯಲ್ಲಿ ಸೇರಿಸಬೇಕು. 2020ರ ಮಾರ್ಚ್ 12ರಂದು ಈಥೀರಿಯಂ ಎಂಬ ಜಾಲದ ನಾಣ್ಯ ಈಥರ್‌ನ ಬೆಲೆ ಒಂದೇ ದಿನ ಶೇ 40ಕ್ಕೂ ಹೆಚ್ಚು ಬಿತ್ತು. ಕ್ರಿಪ್ಟೊ ಅಡವಿಗೆ ಸಾಲ ಕೊಡುವ ಮೇಕರ್‌ಡಾವೊ ವ್ಯವಸ್ಥೆಯಲ್ಲಿ ಅಡವಿಟ್ಟ ಈಥರ್ ಹರಾಜಿಗೆ ಬಂತು. ಈಥೀರಿಯಂ ಜಾಲದಲ್ಲಿ ದಟ್ಟಣೆ ಹೆಚ್ಚಿ ಶುಲ್ಕ ಗಗನಕ್ಕೇರಿದ್ದರಿಂದ ಬಹಳ ಮಂದಿಯ ಬಿಡ್‌ಗಳು ಒಳಗೆ ತಲುಪಲೇ ಇಲ್ಲ. ಶೂನ್ಯ ಬೆಲೆ ಕೂಗಿದವರು 80 ಲಕ್ಷ ಡಾಲರ್‌ಗೂ ಮಿಕ್ಕಿದ ಈಥರ್ ಗೆದ್ದುಕೊಂಡರು. ಅಲ್ಲಿ ಒಂದು ಬಿಡ್ ಮೇಲೆ ಇನ್ನೊಂದು ಬರಲು ಇದ್ದ ಅವಕಾಶ 10 ನಿಮಿಷ. ಆ ಬಳಿಕ ಅದನ್ನು 6 ಗಂಟೆಗೆ ಏರಿಸಿದರು.