ಮರೀನೊನ 1984: ಒಂದು ದಾಖಲೆಯ ಹಿಂದಿನ ನಿಯಮಗಳು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅತ್ಯುತ್ತಮ ಪಾಸಿಂಗ್ ಸೀಸನ್ ಯಾರದು ಅಂತ ವಾದ ಶುರುವಾದರೆ ಮುಗಿಯುವುದೇ ಇಲ್ಲ. ಒಂದು ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆದು ತಂಡದ ದಾಳಿ ನಡೆಸುವ ಆಟಗಾರ) ತನ್ನ ಪಾಸ್‌ಗಳಿಂದ 5,000 ಯಾರ್ಡ್ ದಾಟಿದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಆದರೆ 1984ರಲ್ಲಿ ಡಾನ್ ಮರೀನೊ ಮೊದಲ ಸಲ ಅದನ್ನು ದಾಟಿದ ಮೇಲೆ ಇನ್ನೊಬ್ಬನಿಗೆ ಅದು ಸಾಧ್ಯವಾಗಿದ್ದು 2008ರಲ್ಲಿ. ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಆಯಾ ಕಾಲದ ನಿಯಮ ಏನಿತ್ತು ಅನ್ನುವುದನ್ನೂ ನೋಡಬೇಕು.

ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದೇ 1906ರಲ್ಲಿ. 1943ರಲ್ಲಿ ಶಿಕಾಗೊ ಬೇರ್ಸ್‌ನ ಸಿಡ್ ಲಕ್‌ಮನ್ ಬರೀ 10 ಪಂದ್ಯಗಳಲ್ಲಿ 28 ಟಚ್‌ಡೌನ್ ಪಾಸ್ (ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ತರುವ ಪಾಸ್) ಎಸೆದ. ಆಗ ಎಷ್ಟೋ ಆಟಗಾರರು ಯುದ್ಧಕ್ಕೆ ಹೋಗಿದ್ದರು ಅನ್ನುವುದೂ ನೆನಪಿರಲಿ. 1967ರಲ್ಲಿ ಜೋ ನೇಮತ್ 14 ಪಂದ್ಯಗಳಲ್ಲೇ 4,007 ಯಾರ್ಡ್ ಮುಟ್ಟಿದ. ಅದೇ ಸೀಸನ್‌ನಲ್ಲಿ ಅವನ 28 ಪಾಸ್‌ಗಳು ಎದುರಾಳಿಗಳ ಕೈ ಸೇರಿದ್ದವು!

ಆಮೇಲೆ ಡಿಫೆನ್ಸ್‌ನ ಕಾಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮೆಲ್ ಬ್ಲೌಂಟ್‌ನಂಥ ಗಟ್ಟಿಮುಟ್ಟಾದ ಡಿಫೆಂಡರ್‌ಗಳು ಪಾಸ್ ಹಿಡಿಯಬೇಕಾದ ರಿಸೀವರ್‌ನನ್ನು ಓಡಲು ಬಿಟ್ಟರೆ ತಾನೇ? ತಳ್ಳಿ, ಅಡ್ಡಗಟ್ಟಿ, ಅವನ ದಾರಿಯನ್ನೇ ಕೆಡಿಸುತ್ತಿದ್ದರು. ಅದು ತಪ್ಪೇನೂ ಆಗಿರಲಿಲ್ಲ, ನಿಯಮದಲ್ಲೇ ಜಾಗ ಇತ್ತು. 1977ರಲ್ಲಿ ಇಡೀ ಎನ್‌ಎಫ್‌ಎಲ್‌ನಲ್ಲಿ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಯಾರೂ 3,000 ಯಾರ್ಡ್ ಮುಟ್ಟಲಿಲ್ಲ. ಒಂದು ತಂಡದ ಸರಾಸರಿ ಸ್ಕೋರ್ ಪಂದ್ಯಕ್ಕೆ 17ರ ಆಸುಪಾಸಿಗೆ ಇಳಿಯಿತು. ಟಿವಿ ಮುಂದೆ ಕೂತವರಿಗೆ ಇದು ಬೇಜಾರಲ್ವಾ?

1978ರಲ್ಲಿ ನಿಯಮ ಬದಲಾಯಿತು. ಮೊದಲ ಐದು ಯಾರ್ಡ್ ದಾಟಿದ ಮೇಲೆ ರಿಸೀವರ್‌ನನ್ನು ತಳ್ಳುವ ಹಾಗಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್‌ಗಳು ಕೈ ಚಾಚಿ, ಅಂಗೈ ಬಿಚ್ಚಿ ಎದುರಾಳಿಯನ್ನು ತಡೆಯಬಹುದು. ಸೀಸನ್‌ನ ಪಂದ್ಯಗಳೂ 14ರಿಂದ 16ಕ್ಕೆ ಏರಿದವು. ಒನ್‌ಡೇ ಕ್ರಿಕೆಟ್‌ನಲ್ಲಿ ಫೀಲ್ಡಿಂಗ್ ನಿರ್ಬಂಧ ಬಂದ ಮೇಲೆ ಮೊದಲ ಓವರ್‌ಗಳ ಆಟವೇ ಬೇರೆಯಾಯಿತಲ್ಲ, ಹಾಗೆ. ಸ್ಯಾನ್ ಡಿಯೇಗೊದಲ್ಲಿ ಕೋಚ್ ಡಾನ್ ಕೋರಿಯಲ್ ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡರು. ಅವರ ಕ್ವಾರ್ಟರ್‌ಬ್ಯಾಕ್ ಡಾನ್ ಫೌಟ್ಸ್ 1979ರಲ್ಲಿ 4,082, ಮರುವರ್ಷ 4,715, ಅದರ ಮರುವರ್ಷ 4,802 ಯಾರ್ಡ್ ಗಳಿಸಿದ.

ಇಷ್ಟು ಹಾದಿ ಸಿದ್ಧವಾದ ಮೇಲೆ ಮರೀನೊ ಬಂದ. 1983ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಐವರು ಕ್ವಾರ್ಟರ್‌ಬ್ಯಾಕ್‌ಗಳು ಅವನಿಗಿಂತ ಮೊದಲೇ ಆಯ್ಕೆಯಾಗಿದ್ದರು. ಮಯಾಮಿ ಡಾಲ್ಫಿನ್ಸ್ ಅವನನ್ನು 27ನೆಯವನಾಗಿ ಕರೆದುಕೊಂಡಿತು. ಮರುವರ್ಷದ ಮೊದಲ ಪಂದ್ಯದಲ್ಲೇ ವಾಷಿಂಗ್ಟನ್ ವಿರುದ್ಧ ಐದು ಟಚ್‌ಡೌನ್ ಪಾಸ್. ಚೆಂಡು ಅವನ ಕೈ ಬಿಡುತ್ತಿದ್ದ ವೇಗವೇ ಬೇರೆ. ಡಿಫೆಂಡರ್ ಮೈಮೇಲೆ ಬೀಳುವಷ್ಟರಲ್ಲಿ ಪಾಸ್ ಹೋಗಿಯಾಗಿರುತ್ತಿತ್ತು. ಆ ಕಡೆ ಪಾಸ್ ಹಿಡಿಯಲು ರಿಸೀವರ್‌ಗಳಾದ ಮಾರ್ಕ್ ಕ್ಲೇಟನ್, ಮಾರ್ಕ್ ಡೂಪರ್. ಇಬ್ಬರೂ ಗಿಡ್ಡ, ಇಬ್ಬರೂ ಚುರುಕು. ಅವರನ್ನು ತಡೆದು ನಿಲ್ಲಿಸುವ ಹಳೆಯ ಉಪಾಯ ಈಗ ನಡೆಯುವಂತಿರಲಿಲ್ಲ. ಸೀಸನ್ ಮುಗಿದಾಗ 5,084 ಯಾರ್ಡ್, 48 ಟಚ್‌ಡೌನ್. ಅಲ್ಲಿಯವರೆಗಿನ ದಾಖಲೆ 36. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಮಾತ್ರ ಸ್ಯಾನ್ ಫ್ರಾನ್ಸಿಸ್ಕೊ ಪಾಲಾಯಿತು, 38-16.

2004ರಲ್ಲಿ ಅದೇ ಐದು ಯಾರ್ಡ್ ನಿಯಮವನ್ನು ಇನ್ನೂ ಬಿಗಿಯಾಗಿ ಜಾರಿಗೆ ತಂದರು. ಆ ವರ್ಷವೇ ಪೇಟನ್ ಮ್ಯಾನಿಂಗ್ 49 ಟಚ್‌ಡೌನ್ ಎಸೆದ. 2011ರಲ್ಲಿ ಡ್ರೂ ಬ್ರೀಸ್ 5,476 ಯಾರ್ಡ್ ಮಾಡಿ ಮರೀನೊನನ್ನು ಹಿಂದಿಕ್ಕಿದ. 2021ರಿಂದ ಪಂದ್ಯಗಳು 17. ಇದರಲ್ಲಿ ಯಾರ ತಪ್ಪೂ ಇಲ್ಲ, ಜನ ಪಾಸ್ ನೋಡಲು ಬಯಸಿದರು, ಲೀಗ್ ಕೊಟ್ಟಿತು.

ಹಾಗಾದರೆ ಹೋಲಿಸುವುದು ಹೇಗೆ? ಅದೇ ವರ್ಷ, ಅದೇ ನಿಯಮದಲ್ಲಿ ಆಡಿದವರ ಜೊತೆ ಇಟ್ಟು ನೋಡುವುದು ವಾಸಿ. 2011ರಲ್ಲಿ ಬ್ರೀಸ್ ಜೊತೆಗೆ ಟಾಮ್ ಬ್ರಾಡಿ, ಮ್ಯಾಥ್ಯೂ ಸ್ಟಾಫರ್ಡ್ ಕೂಡ 5,000 ದಾಟಿದರು. 1984ರಲ್ಲಿ ಟಚ್‌ಡೌನ್ ಪಾಸ್‌ಗಳಲ್ಲಿ ಎರಡನೇ ಸ್ಥಾನದಲ್ಲಿದ್ದವನು ಸಿಯಾಟಲ್‌ನ ಡೇವ್ ಕ್ರೀಗ್. ಅವನು ಎಸೆದದ್ದು 32, ಮರೀನೊನಿಗಿಂತ 16 ಕಡಿಮೆ.